ಆಂಟೆನಾ ಕೈಕೊಟ್ಟಾಗ: ತಂತಿ ಕತ್ತರಿಸುವ ಮುಂಚಿನ ತಪಾಸಣೆ

ಹವ್ಯಾಸಿ (ಹ್ಯಾಮ್) ರೇಡಿಯೊಗೆ ಹೊಸದಾಗಿ ಕಟ್ಟಿದ ಡೈಪೋಲ್, ಅಂದರೆ ಎರಡು ಕೈ ಚಾಚಿದ ತಂತಿಯ ಆಂಟೆನಾ, ಎಸ್‌ಡಬ್ಲ್ಯುಆರ್ 3 ತೋರಿಸಿದ ಕೂಡಲೇ ಕೈ ಹೋಗುವುದು ಇಕ್ಕಳದ ಕಡೆಗೆ. (ಕಳಿಸಿದ ಪವರಿನಲ್ಲಿ ಎಷ್ಟು ಹಿಂದಿರುಗುತ್ತಿದೆ ಎಂದು ಸೂಚಿಸುವ ಅಂಕಿ ಎಸ್‌ಡಬ್ಲ್ಯುಆರ್: 1 ಇದ್ದರೆ ಏನೂ ಹಿಂದಿರುಗುತ್ತಿಲ್ಲ, ಅಂಕಿ ಏರಿದಷ್ಟೂ ಹೊಂದಿಕೆ ಕೆಟ್ಟಿದೆ.) ಎರಡೂ ತುದಿಯಿಂದ ಹತ್ತು ಸೆಂಟಿಮೀಟರ್ ಕತ್ತರಿಸಿ ನೋಡುತ್ತಾರೆ, ಮೀಟರಿನ ಮುಳ್ಳು ಕದಲುವುದಿಲ್ಲ. ಇನ್ನೂ ಹತ್ತು ಕತ್ತರಿಸುತ್ತಾರೆ. ಕೊನೆಗೆ ತಂತಿ ಮೋಟಾಗಿರುತ್ತದೆ, ದೋಷ ಮಾತ್ರ ಕನೆಕ್ಟರಿನೊಳಗೆ ಹಾಗೇ ಕೂತಿರುತ್ತದೆ. ಕಡಿಮೆ ಖರ್ಚಿನ ಆಂಟೆನಾಗಳಲ್ಲಿ ಕೆಡುವುದು ತಂತಿಗಿಂತ ಹೆಚ್ಚಾಗಿ ಬೆಸುಗೆ, ಕನೆಕ್ಟರ್ ಮತ್ತು ಕೇಬಲ್. ಮೀಟರು ಏನೋ ಸರಿಯಿಲ್ಲ ಎಂದಷ್ಟೇ ಹೇಳುತ್ತದೆ, ಎಲ್ಲಿ ಎಂದು ಹೇಳುವುದಿಲ್ಲ. ಕೆಲವು ದೋಷಗಳಲ್ಲಂತೂ ಎಲ್ಲವೂ ಚೆನ್ನಾಗಿದೆ ಎಂದೇ ತೋರಿಸುತ್ತದೆ. ಹಾಗಾಗಿ ರೇಡಿಯೊದ ಬದಿಯಿಂದ ಶುರುಮಾಡಿ ಒಂದೊಂದೇ ಭಾಗವನ್ನು ಗುಮಾನಿಯಿಂದ ಬಿಡಿಸುತ್ತಾ ಹೋಗಬೇಕು. ತಂತಿಯ ಉದ್ದದ ಸರದಿ ಕೊನೆಗೆ ಬರುತ್ತದೆ.

ಇಲ್ಲಿ ಉದಾಹರಣೆಗೆ ಎರಡು ಆಂಟೆನಾ ಇಟ್ಟುಕೊಳ್ಳೋಣ: 7.1 ಮೆಗಾಹರ್ಟ್ಸ್‌ಗೆ ನಡುವಿನಿಂದ ಫೀಡ್ ಮಾಡಿದ ತಂತಿಯ ಡೈಪೋಲ್, ಮತ್ತು 145 ಮೆಗಾಹರ್ಟ್ಸ್‌ಗೆ ಎಸ್‌ಒ-239 ಸಾಕೆಟ್ಟಿನ ಮೇಲೆ ಕಟ್ಟುವ ಕಾಲು ತರಂಗದ ಗ್ರೌಂಡ್ ಪ್ಲೇನ್ (ನಿಂತ ಒಂದು ಸರಳು, ಅದರ ಬುಡದಿಂದ ಸುತ್ತ ಚಾಚಿದ ರೇಡಿಯಲ್ ಎಂಬ ಸರಳುಗಳು). ಬೇರೆ ಬ್ಯಾಂಡಿಗೆ ಅಳತೆ ಬದಲಾಗುತ್ತದೆ, ತಪಾಸಣೆಯ ದಾರಿ ಇದೇ.

ಮೊದಲು ಲೆಕ್ಕ ಸರಿಯಿದೆಯೇ

ಅರ್ಧ ತರಂಗದ ಡೈಪೋಲಿಗೆ ಬರಿಯ ತಾಮ್ರದ ತಂತಿಯಾದರೆ 143 ಅನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಒಟ್ಟು ಉದ್ದ ಮೀಟರಿನಲ್ಲಿ ಸಿಗುತ್ತದೆ. 7.1ಕ್ಕೆ ಸುಮಾರು 20.1 ಮೀಟರ್, ಒಂದೊಂದು ಕೈ 10.05 ಮೀಟರ್. ಪಿವಿಸಿ ಹೊದಿಕೆಯ ವೈರ್ ಬಳಸಿದರೆ ಇದಕ್ಕಿಂತ ಶೇ 3ರಿಂದ 5ರಷ್ಟು ಕಡಿಮೆ ಸಾಕಾಗುತ್ತದೆ. ಆದ್ದರಿಂದ ಹೊದಿಕೆಯ ವೈರನ್ನು ಸೂತ್ರದ ಪೂರ್ತಿ ಉದ್ದಕ್ಕೆ ಕತ್ತರಿಸಿದವರಿಗೆ ಅನುರಣನ (ಆಂಟೆನಾ ಚೆನ್ನಾಗಿ ಹೊಂದುವ ಫ್ರೀಕ್ವೆನ್ಸಿ) 6.8ರ ಆಸುಪಾಸಿನಲ್ಲಿ ಕಾಣುವುದು ಸಹಜ, ಅದು ದೋಷವಲ್ಲ. ಗ್ರೌಂಡ್ ಪ್ಲೇನಿನ ನಿಂತ ಸರಳು 145ಕ್ಕೆ ಸುಮಾರು 49 ಸೆಂಟಿಮೀಟರ್. 50ಕ್ಕೆ ಕತ್ತರಿಸಿ ಶುರುಮಾಡಿ, ನಾಲ್ಕು ರೇಡಿಯಲ್‌ಗಳು 52 ಇರಲಿ.

ಇನ್ನೊಂದು ಮಾತು. 7 ಮೆಗಾಹರ್ಟ್ಸ್‌ನ ಡೈಪೋಲ್ 14ರಲ್ಲಿ ವಿಪರೀತ ಎಸ್‌ಡಬ್ಲ್ಯುಆರ್ ತೋರಿಸುತ್ತದೆ, ಏಕೆಂದರೆ ಅಲ್ಲಿ ಅದು ಪೂರ್ಣ ತರಂಗವಾಗಿ ನಡುವಿನ ಇಂಪೀಡೆನ್ಸ್ (ಸಿಗ್ನಲ್ಲಿಗೆ ಒಡ್ಡುವ ತಡೆ) ಸಾವಿರಾರು ಓಮ್‌ಗೆ ಏರಿರುತ್ತದೆ. ಅದನ್ನು ರಿಪೇರಿ ಮಾಡಲು ಹೊರಡಬೇಡಿ.

ಸಾಮಾನು

ಮಲ್ಟಿಮೀಟರ್, ಎಸ್‌ಡಬ್ಲ್ಯುಆರ್ ಮೀಟರ್, ಡಮ್ಮಿ ಲೋಡ್ (ಆಂಟೆನಾದ ಬದಲು ಹಾಕುವ 50 ಓಮ್ ರೆಸಿಸ್ಟರ್), ಒಂದು ಮೀಟರಿನ ಚೆನ್ನಾಗಿರುವ ಪ್ಯಾಚ್ ಕೇಬಲ್, ಎರಡು ಕ್ಲಿಪ್ ವೈರ್. ನ್ಯಾನೊವಿಎನ್‌ಎ ಅಥವಾ ಯಾವುದಾದರೂ ಆಂಟೆನಾ ಅನಲೈಸರ್ (ತಾನೇ ಸಣ್ಣ ಸಿಗ್ನಲ್ ಕಳಿಸಿ ಎಸ್‌ಡಬ್ಲ್ಯುಆರ್, ಇಂಪೀಡೆನ್ಸ್ ಅಳೆಯುವ ಉಪಕರಣ) ಇದ್ದರೆ ಅರ್ಧ ದಿನದ ಕೆಲಸ ಹತ್ತು ನಿಮಿಷಕ್ಕೆ ಇಳಿಯುತ್ತದೆ.

ಡಮ್ಮಿ ಲೋಡ್ ಮನೆಯಲ್ಲೇ ಆಗುತ್ತದೆ. 1 ಕಿಲೋಓಮ್, 2 ವ್ಯಾಟಿನ 20 ರೆಸಿಸ್ಟರ್‌ಗಳನ್ನು ಸಮಾಂತರವಾಗಿ ಬೆಸೆದರೆ 50 ಓಮ್, 40 ವ್ಯಾಟ್. ಕಾರ್ಬನ್ ಫಿಲ್ಮ್ ಅಥವಾ ಮೆಟಲ್ ಆಕ್ಸೈಡ್ ಇರಲಿ. ತಂತಿ ಸುತ್ತಿದ ರೆಸಿಸ್ಟರ್ ಬೇಡ, ಅದು ಸುರುಳಿಯೇ ಆದ್ದರಿಂದ ಇಂಡಕ್ಟೆನ್ಸ್ ಸೇರಿ ಲೆಕ್ಕ ಕೆಡುತ್ತದೆ. ಕಾಲುಗಳನ್ನು ಆದಷ್ಟು ಗಿಡ್ಡ ಇಡಿ. 30 ಮೆಗಾಹರ್ಟ್ಸ್‌ವರೆಗೆ ಇದು ನಂಬಿಕೆಯ ಲೋಡ್. 145ರಲ್ಲಿ ಕಾಲುಗಳ ಉದ್ದವೇ ತೊಂದರೆ ಕೊಡುವುದರಿಂದ ಅಲ್ಲಿಗೆ ಸಿದ್ಧ ಲೋಡ್ ಒಳ್ಳೆಯದು.

ಪರೀಕ್ಷೆಯೆಲ್ಲ 5 ವ್ಯಾಟಿನಲ್ಲಿ ನಡೆಯಲಿ. ಫ್ರೀಕ್ವೆನ್ಸಿ ಖಾಲಿಯಿದೆಯೇ ಎಂದು ಕೇಳಿಸಿಕೊಂಡು, ನಿಮ್ಮ ಕಾಲ್ ಸೈನ್ ಹೇಳಿ ಕ್ಯಾರಿಯರ್ (ಮಾತಿಲ್ಲದ ಬರಿಯ ಸಿಗ್ನಲ್) ಕಳಿಸಿ. ಕ್ಯಾರಿಯರ್ ಇರುವಾಗ ತಂತಿಯ ತುದಿ ಮುಟ್ಟಬಾರದು. ಡೈಪೋಲಿನ ತುದಿಯಲ್ಲೇ ವೋಲ್ಟೇಜ್ ಅತಿ ಹೆಚ್ಚು, ಕಡಿಮೆ ಪವರಿನಲ್ಲೂ ಚರ್ಮ ಸುಡುತ್ತದೆ. ವಿದ್ಯುತ್ ಲೈನಿನ ಮೇಲೆ ತಂತಿ ಬೀಳುವ ಸಾಧ್ಯತೆ ಒಂದಿಷ್ಟಿದ್ದರೂ ಆ ಜಾಗದಲ್ಲಿ ಆಂಟೆನಾ ಇಳಿಸುವುದೂ ಬೇಡ, ಏರಿಸುವುದೂ ಬೇಡ. ಗುಡುಗು ಕೇಳಿಸಿದರೆ ಕೆಲಸ ಅಲ್ಲಿಗೇ ನಿಲ್ಲಲಿ.

ರೇಡಿಯೊ ಮತ್ತು ಮೀಟರು

ಆಂಟೆನಾ ಕೇಬಲ್ ಬಿಚ್ಚಿ, ಮೀಟರಿನ ಆಚೆ ಬದಿಗೆ ಡಮ್ಮಿ ಲೋಡ್ ಹಾಕಿ. 1.1ರ ಆಸುಪಾಸು ಬಂದರೆ ರೇಡಿಯೊ, ಪ್ಯಾಚ್ ಕೇಬಲ್, ಮೀಟರು ಮೂರೂ ಸರಿ. ಬರದಿದ್ದರೆ ಪ್ಯಾಚ್ ಕೇಬಲ್ ಬದಲಿಸಿ ನೋಡಿ, ಬಹುಪಾಲು ತಪ್ಪು ಅದರದ್ದೇ.

ಮೀಟರು ಸುಳ್ಳು ಹೇಳುವ ಎರಡು ಸಂದರ್ಭ ನೆನಪಿರಲಿ. 30 ಮೆಗಾಹರ್ಟ್ಸ್‌ವರೆಗೆ ಮಾಡಿದ ಮೀಟರನ್ನು 145ರಲ್ಲಿ ಬಳಸಿದರೆ ಬರುವ ಅಂಕಿಗೆ ಅರ್ಥವಿಲ್ಲ. ಎರಡನೆಯದು, ತೀರಾ ಕಡಿಮೆ ಪವರಿನಲ್ಲಿ ಅಗ್ಗದ ಮೀಟರಿನ ಡಯೋಡು ಹಿಂದಿರುಗುವ ಸಣ್ಣ ವೋಲ್ಟೇಜಿಗೆ ಸರಿಯಾಗಿ ತೆರೆದುಕೊಳ್ಳುವುದಿಲ್ಲ, ಇದ್ದದ್ದಕ್ಕಿಂತ ಕಡಿಮೆ ಎಸ್‌ಡಬ್ಲ್ಯುಆರ್ ತೋರಿಸುತ್ತದೆ. 1 ವ್ಯಾಟಿನಲ್ಲಿ 1.2, 10 ವ್ಯಾಟಿನಲ್ಲಿ 1.8 ಎಂದು ಬಂದರೆ ನಂಬಬೇಕಾದದ್ದು ಎರಡನೆಯದನ್ನು.

ಕೇಬಲ್: ಅತಿ ಹೆಚ್ಚು ಮೋಸ ಮಾಡುವ ಭಾಗ

ಈಗ ಡಮ್ಮಿ ಲೋಡನ್ನು ಕೇಬಲ್ಲಿನ ಆ ತುದಿಗೆ, ಅಂದರೆ ಆಂಟೆನಾ ಇರುವ ಜಾಗಕ್ಕೆ ಒಯ್ದು ಹಾಕಿ. ಮೀಟರು ಮತ್ತೆ 1.1 ತೋರಿಸಿದರೆ ಕೇಬಲ್ ತುಂಡಾಗಿಲ್ಲ, ಶಾರ್ಟ್ ಆಗಿಲ್ಲ ಎಂದು ತಿಳಿಯಿತು. ಇಷ್ಟಕ್ಕೇ ಕೇಬಲ್ ಚೆನ್ನಾಗಿದೆ ಎಂದು ತೀರ್ಮಾನಿಸಬಾರದು. ನೀರು ಕುಡಿದ ಕೇಬಲ್ಲೂ ಇಲ್ಲಿ 1.1 ತೋರಿಸಬಲ್ಲದು.

ಕಾರಣ ಹೀಗೆ. ಆಂಟೆನಾದಿಂದ ಹಿಂದಿರುಗುವ ಪವರ್ ಮೀಟರಿಗೆ ತಲುಪಬೇಕಾದರೆ ಕೇಬಲ್ಲನ್ನು ಎರಡು ಸಲ ದಾಟಬೇಕು: ಹೋಗುವಾಗೊಮ್ಮೆ, ಬರುವಾಗೊಮ್ಮೆ. ಕೇಬಲ್ಲಿನ ನಷ್ಟ ಹೆಚ್ಚಿದಷ್ಟೂ ಹಿಂದಿರುಗುವುದು ದಾರಿಯಲ್ಲೇ ಶಾಖವಾಗಿ ಕರಗುತ್ತದೆ, ಮೀಟರಿಗೆ ಎಲ್ಲ ನೆಟ್ಟಗಿರುವಂತೆ ಕಾಣುತ್ತದೆ. ಆರ್‌ಜಿ-58 ಕೇಬಲ್ 145 ಮೆಗಾಹರ್ಟ್ಸ್‌ನಲ್ಲಿ 100 ಮೀಟರಿಗೆ ಸುಮಾರು 20 ಡೆಸಿಬೆಲ್ ತಿನ್ನುತ್ತದೆ. 25 ಮೀಟರ್ ಎಳೆದರೆ 5 ಡೆಸಿಬೆಲ್, 50 ವ್ಯಾಟ್ ಕಳಿಸಿದರೆ ಮೇಲೆ ತಲುಪುವುದು 16 ವ್ಯಾಟ್. ಆ ಕೇಬಲ್ಲಿನ ತುದಿಯಲ್ಲಿ ಆಂಟೆನಾ ಇಲ್ಲದೇ ಹೋದರೂ ಕೆಳಗಿನ ಮೀಟರು 1.9 ಎನ್ನುತ್ತದೆ. ಎರಡಕ್ಕಿಂತ ಕಡಿಮೆಯಲ್ಲವೇ ಎಂದು ಸಮಾಧಾನ ಪಟ್ಟುಕೊಂಡವರು ಖಾಲಿ ಕೇಬಲ್ಲಿಗೆ ಮಾತಾಡುತ್ತಿರುತ್ತಾರೆ.

ಇದೇ ಗುಣವನ್ನು ತಪಾಸಣೆಗೆ ಬಳಸಿಕೊಳ್ಳಿ. ಕೇಬಲ್ಲಿನ ಆಚೆ ತುದಿಯನ್ನು ಬಿಚ್ಚಿ ಖಾಲಿ ಬಿಡಿ, ಈಚೆ ತುದಿಗೆ ಅನಲೈಸರ್ ಹಾಕಿ. ರೇಡಿಯೊದಿಂದ ಪವರ್ ಬಿಡಬೇಡಿ, ಖಾಲಿ ತುದಿಗೆ ಕ್ಯಾರಿಯರ್ ಕೊಟ್ಟರೆ ಫೈನಲ್ ಟ್ರಾನ್ಸಿಸ್ಟರ್‌ಗಳಿಗೆ ಅಪಾಯ. ಖಾಲಿ ತುದಿ ಎಲ್ಲವನ್ನೂ ಹಿಂದಕ್ಕೆ ತಳ್ಳುವುದರಿಂದ ಒಳ್ಳೆಯ ಕೇಬಲ್ ಅತಿ ಕೆಟ್ಟ ಎಸ್‌ಡಬ್ಲ್ಯುಆರ್ ತೋರಿಸಬೇಕು. ಒಮ್ಮುಖ ನಷ್ಟ ಅರ್ಧ ಡೆಸಿಬೆಲ್ ಇದ್ದರೆ 17, ಒಂದು ಡೆಸಿಬೆಲ್‌ಗೆ 8.7, ಎರಡಕ್ಕೆ 4.4, ಮೂರಕ್ಕೆ 3. ನ್ಯಾನೊವಿಎನ್‌ಎ ರಿಟರ್ನ್ ಲಾಸ್ (ಇಲ್ಲಿ ಹೋಗಿ ಬಂದ ಒಟ್ಟು ನಷ್ಟ) ತೋರಿಸಿದರೆ ಅದರ ಅರ್ಧವೇ ಒಮ್ಮುಖ ನಷ್ಟ. 25 ಮೀಟರ್ ಆರ್‌ಜಿ-58 ಕೇಬಲ್ 7 ಮೆಗಾಹರ್ಟ್ಸ್‌ನಲ್ಲಿ ಒಂದು ಡೆಸಿಬೆಲ್‌ನಷ್ಟು ಕಳೆದುಕೊಳ್ಳುವುದು ಸಹಜ, ಹಾಗಾಗಿ 8 ಅಥವಾ 9 ನಿರೀಕ್ಷಿಸಿ. 3 ಬಂದರೆ ಆ ಕೇಬಲ್ ಮುಗಿದಂತೆ. ತುದಿಯಲ್ಲಿ ಒಂದಂಗುಲ ಹೊದಿಕೆ ಸುಲಿದು ನೋಡಿ, ತಾಮ್ರದ ಬ್ರೇಡು (ನಡುವಿನ ತಂತಿಯ ಸುತ್ತ ಹೆಣೆದ ಬಲೆ) ಕಪ್ಪಾಗಿಯೋ ಹಸಿರು ಕಿಲುಬು ಹಿಡಿದೋ ಇರುತ್ತದೆ. ನೀರು ಬ್ರೇಡಿನ ಎಳೆಗಳ ನಡುವೆ ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ ಮೀಟರುಗಟ್ಟಲೆ ಹರಿಯುತ್ತದೆ. ಒಣಗಿಸಿ ಉಪಯೋಗವಿಲ್ಲ, ಫಳಫಳ ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಬೇಕು ಅಥವಾ ಪೂರ್ತಿ ಬದಲಿಸಬೇಕು.

ಮಲ್ಟಿಮೀಟರಿಗೆ ಇದು ಕಾಣುವುದಿಲ್ಲ. ಅದರ ಕೆಲಸ ಬೇರೆ: ತುಂಡು ಮತ್ತು ಶಾರ್ಟ್ ಹಿಡಿಯುವುದು. ಎರಡೂ ತುದಿ ಬಿಚ್ಚಿದಾಗ ನಡುವಿನ ತಂತಿ ಮತ್ತು ಬ್ರೇಡಿನ ಮಧ್ಯೆ ಯಾವ ಸಂಪರ್ಕವೂ ಇರಬಾರದು. ಆಚೆ ತುದಿಯನ್ನು ಕ್ಲಿಪ್ ವೈರಿನಿಂದ ಜೋಡಿಸಿದರೆ ಒಂದೆರಡು ಓಮ್‌ಗಿಂತ ಹೆಚ್ಚು ಬರಬಾರದು.

ಕೇಬಲ್ ಗೋಡೆಯೊಳಗೋ ಪೈಪಿನೊಳಗೋ ಹೋಗಿದ್ದು, ಎಲ್ಲಿ ತುಂಡಾಗಿದೆ ಎಂದು ತಿಳಿಯಬೇಕಾದರೆ ಅನಲೈಸರ್ ನೆರವಿಗೆ ಬರುತ್ತದೆ. ಆಚೆ ತುದಿ ಖಾಲಿ ಬಿಟ್ಟು, ಕೆಳಗಿನ ಫ್ರೀಕ್ವೆನ್ಸಿಯಿಂದ ಮೇಲಕ್ಕೆ ಬರುತ್ತಾ ಇಂಪೀಡೆನ್ಸ್ ಮೊದಲ ಸಲ ಸೊನ್ನೆಯ ಹತ್ತಿರ ಇಳಿಯುವ ಜಾಗ ಗುರುತಿಸಿ. ದೂರ ಮೀಟರಿನಲ್ಲಿ ಬೇಕಾದರೆ 75 ಅನ್ನು ಕೇಬಲ್ಲಿನ (ಅದರೊಳಗಿನ ಸಿಗ್ನಲ್ ವೇಗ ಬೆಳಕಿನ ವೇಗದ ಎಷ್ಟು ಪಾಲು ಎಂದು ಹೇಳುವ) ವೆಲಾಸಿಟಿ ಫ್ಯಾಕ್ಟರ್‌ನಿಂದ ಗುಣಿಸಿ, ಆ ಮೆಗಾಹರ್ಟ್ಸ್‌ನಿಂದ ಭಾಗಿಸಿ. ಆರ್‌ಜಿ-58ರ ವೆಲಾಸಿಟಿ ಫ್ಯಾಕ್ಟರ್ 0.66. 25 ಮೀಟರ್ ಸರಿಯಾದ ಕೇಬಲ್ 1.98 ಮೆಗಾಹರ್ಟ್ಸ್‌ನಲ್ಲಿ ಇಳಿಯಬೇಕು. 3.3ರಲ್ಲಿ ಇಳಿದರೆ ಕಡಿದಿರುವುದು 15 ಮೀಟರ್ ದೂರದಲ್ಲಿ. ದೋಷ ಶಾರ್ಟ್ ಆಗಿದ್ದರೆ ಇಳಿತದ ಬದಲು ಮೊದಲ ಏರಿಕೆಯನ್ನು ಹಿಡಿಯಿರಿ, ಲೆಕ್ಕ ಅದೇ.

ಕನೆಕ್ಟರ್

ಕೇಬಲ್ಲಿನ ತುದಿಗೆ ಹಾಕುವ ಪ್ಲಗ್ಗಾದ ಪಿಎಲ್-259ರಲ್ಲಿ ಆಗುವ ತಪ್ಪುಗಳು ಮೂರು. ಬ್ರೇಡಿನ ಒಂದು ಕೂದಲೆಳೆ ನಡುವಿನ ತಂತಿಗೆ ತಾಗುವುದು. ನಡುವಿನ ತಂತಿ ಪಿನ್ನಿನೊಳಗೆ ಬರೀ ತಾಗಿಕೊಂಡಿದ್ದು, ತವರ ಹಿಡಿಯದೇ ಇರುವುದು. 25 ವ್ಯಾಟಿನ ಸಣ್ಣ ಸೋಲ್ಡರಿಂಗ್ ಐರನ್ನಿನಿಂದ ಕನೆಕ್ಟರಿನ ದಪ್ಪ ಮೈಯನ್ನು ಕಾಯಿಸಲು ಹೋಗಿ, ನಿಮಿಷಗಟ್ಟಲೆ ಹಿಡಿದು, ಒಳಗಿನ ಪಾಲಿಥೀನ್ ಕರಗಿ ನಡುವಿನ ತಂತಿ ಪಕ್ಕಕ್ಕೆ ಸರಿಯುವುದು. ಮೂರನೆಯದು ಅಂದೇ ಕಾಣುವುದಿಲ್ಲ, ಕೆಲವು ತಿಂಗಳ ಮೇಲೆ ಶಾರ್ಟ್ ಆಗುತ್ತದೆ. 60ರಿಂದ 100 ವ್ಯಾಟಿನ ಐರನ್ ಬಳಸಿ, ಬೇಗ ಕಾಯಿಸಿ ಬೇಗ ತೆಗೆಯಬೇಕು. ಬೆಸುಗೆ ಹೊಳಪಾಗಿ ಹರಿದಿರಬೇಕು. ಉಂಡೆಗಟ್ಟಿ ಮಂಕಾಗಿದ್ದರೆ ತೆಗೆದು ಮತ್ತೆ ಮಾಡಿ.

ಎನಾಮಲ್ ತಂತಿಯಿಂದ ಕಟ್ಟಿದವರು ಇನ್ನೊಂದನ್ನು ನೋಡಬೇಕು. ಆ ತಂತಿ ಬರಿಯ ತಾಮ್ರದ ಹಾಗೆ ಕಂಡರೂ ಮೇಲೆ ಅರಗಿನ ಪದರ ಇರುತ್ತದೆ. ಉಪ್ಪುಕಾಗದದಿಂದ ಕೆಂಪು ತಾಮ್ರ ಕಾಣುವವರೆಗೆ ಕೆರೆಯದೇ ಬೆಸೆದರೆ ತವರ ಸುತ್ತ ಅಂಟಿಕೊಂಡು ಒಳಗೆ ಸಂಪರ್ಕವೇ ಇರುವುದಿಲ್ಲ. ನೋಟಕ್ಕೆ ಸೊಗಸಾದ ಬೆಸುಗೆ, ಮೀಟರಿಗೆ ಎಸ್‌ಡಬ್ಲ್ಯುಆರ್ ಅನಂತ.

ಈಗ ಆಂಟೆನಾ

ಮಲ್ಟಿಮೀಟರನ್ನು ಆಂಟೆನಾದ ಸಾಕೆಟ್ಟಿಗೆ ಹಿಡಿಯುವ ಮುಂಚೆ ಏನು ಬರಬೇಕು ಎಂದು ತಿಳಿದಿರಬೇಕು. ಸಾದಾ ಡೈಪೋಲ್, ಗ್ರೌಂಡ್ ಪ್ಲೇನ್, 1:1 ಚೋಕ್ (ಕೇಬಲ್ಲಿನ ಹೊರಮೈ ಕರೆಂಟನ್ನು ತಡೆಯುವ ಸುರುಳಿ) ಇರುವ ಡೈಪೋಲ್ ಇವೆಲ್ಲ ಡಿಸಿಗೆ ತೆರೆದಿರುತ್ತವೆ, ಅಂದರೆ ಮಲ್ಟಿಮೀಟರ್ ಸಂಪರ್ಕ ತೋರಿಸಬಾರದು. ಫೋಲ್ಡೆಡ್ ಡೈಪೋಲ್, ಜೆ-ಪೋಲ್, ಸ್ಲಿಮ್ ಜಿಮ್, ಹೇರ್‌ಪಿನ್ ಹಾಕಿದ ಆಂಟೆನಾಗಳು ಶಾರ್ಟ್ ತೋರಿಸುವುದೇ ಸರಿ. ಇದು ಗೊತ್ತಿಲ್ಲದೆ ಚೆನ್ನಾಗಿರುವ ಜೆ-ಪೋಲ್ ಬಿಚ್ಚಿ ಹಾಕಿದವರುಂಟು.

ಆಮೇಲೆ ಫ್ರೀಕ್ವೆನ್ಸಿ ಬದಲಿಸುತ್ತಾ ಎಸ್‌ಡಬ್ಲ್ಯುಆರ್ ಗುರುತು ಹಾಕಿಕೊಳ್ಳಿ. ಒಂದೇ ಫ್ರೀಕ್ವೆನ್ಸಿಯ ಒಂದೇ ಅಂಕಿಯಿಂದ ಏನೂ ತಿಳಿಯದು, ಗೆರೆಯ ಆಕಾರವೇ ಮಾತಾಡುವುದು.

ಗೆರೆ ಚೆನ್ನಾಗಿ ಕೆಳಗಿಳಿದು ಮೇಲೇರುತ್ತದೆ, ಆದರೆ ತಳ ತಪ್ಪು ಜಾಗದಲ್ಲಿದೆ ಎಂದರೆ ಮಾತ್ರ ಉದ್ದ ತಪ್ಪು. ಈಗಿನ ಉದ್ದವನ್ನು ಈಗಿನ ಅನುರಣನದಿಂದ ಗುಣಿಸಿ, ಬೇಕಾದ ಫ್ರೀಕ್ವೆನ್ಸಿಯಿಂದ ಭಾಗಿಸಿ. 20.6 ಮೀಟರಿನ ಡೈಪೋಲ್ 6.90ರಲ್ಲಿ ತಳ ಮುಟ್ಟಿದ್ದು, 7.10ಕ್ಕೆ ಬೇಕಾದರೆ 20.02 ಮೀಟರ್ ಆಗಬೇಕು. 58 ಸೆಂಟಿಮೀಟರ್ ಕಡಿಮೆ, ಒಂದೊಂದು ಕೈಯಿಂದ 29. ಆಗಲೂ ಕತ್ತರಿಸಬೇಡಿ. ತುದಿಯನ್ನು ಹಿಂದಕ್ಕೆ ಮಡಚಿ ಮೂಲ ತಂತಿಗೇ ಬಿಗಿಯಾಗಿ ಸುತ್ತಿ, ಏರಿಸಿ, ಮತ್ತೆ ಅಳೆಯಿರಿ. ಕೈಗೆಟುಕುವ ಎತ್ತರದಲ್ಲಿ ಹೊಂದಿಸಿದ ಆಂಟೆನಾ ಮೇಲೇರಿದಾಗ ಅನುರಣನ ಸಾಮಾನ್ಯವಾಗಿ ಮೇಲಕ್ಕೆ ಸರಿಯುತ್ತದೆ, ಕತ್ತರಿಸಿದ್ದನ್ನು ಮತ್ತೆ ಸೇರಿಸುವುದು ತಲೆನೋವು. 7ರಲ್ಲಿ ಒಟ್ಟು 10 ಸೆಂಟಿಮೀಟರ್ ಎಂದರೆ 35 ಕಿಲೋಹರ್ಟ್ಸ್‌ನಷ್ಟು ವ್ಯತ್ಯಾಸ. 145ರ ಸರಳಿನಲ್ಲಿ ಒಂದು ಸೆಂಟಿಮೀಟರ್ ಎಂದರೆ 3 ಮೆಗಾಹರ್ಟ್ಸ್, ಅಲ್ಲಿ ಇಕ್ಕಳ ಬಿಟ್ಟು ಅರ ಹಿಡಿಯಿರಿ.

ತಳ ಸರಿಯಾದ ಜಾಗದಲ್ಲೇ ಇದೆ, ಆದರೆ 1.5ಕ್ಕಿಂತ ಕೆಳಗೆ ಇಳಿಯುತ್ತಿಲ್ಲ. ಇದು ದೋಷವಲ್ಲ. ಎತ್ತರದಲ್ಲಿರುವ ಡೈಪೋಲಿನ ಇಂಪೀಡೆನ್ಸ್ 73 ಓಮ್, 50 ಓಮ್ ಕೇಬಲ್ಲಿನಲ್ಲಿ ಅದು 1.46 ಆಗುತ್ತದೆ. 1.5ರಲ್ಲಿ ಹಿಂದಿರುಗುವುದು ಶೇ 4 ಮಾತ್ರ. ಹಾಗೇ ಬಿಡಿ. ಕಡಿಮೆ ಮಾಡಲೇಬೇಕೆಂದರೆ ನಡುವನ್ನು ಎತ್ತರಿಸಿ ತುದಿಗಳನ್ನು ಇಳಿಬಿಡಿ, ಕೈಗಳ ನಡುವಿನ ಕೋನ 90 ಡಿಗ್ರಿಗಿಂತ ಕಿರಿದಾಗದಿರಲಿ. ಗ್ರೌಂಡ್ ಪ್ಲೇನಿನಲ್ಲಿ ರೇಡಿಯಲ್‌ಗಳು ಅಡ್ಡಡ್ಡ ಚಾಚಿದ್ದರೆ ಇಂಪೀಡೆನ್ಸ್ 36 ಓಮ್ ಹತ್ತಿರ, 45 ಡಿಗ್ರಿ ಕೆಳಕ್ಕೆ ಬಗ್ಗಿಸಿದರೆ 50ರ ಹತ್ತಿರ.

ಎಲ್ಲೆಡೆ ಅತಿ ಎತ್ತರ, ತಳವೇ ಇಲ್ಲ ಎಂದರೆ ತುಂಡು ಅಥವಾ ಶಾರ್ಟ್. ತಳ ವಿಚಿತ್ರ ಜಾಗದಲ್ಲಿದ್ದು ಕೇಬಲ್ ಉದ್ದ ಬದಲಿಸಿದರೆ ಅದೂ ಬದಲಾಗುತ್ತದೆ ಎಂದರೆ ಒಂದು ಕೈ ಕಳಚಿದೆ, ಅದರ ಜಾಗದಲ್ಲಿ ಕೇಬಲ್ಲಿನ ಹೊರಮೈ ಕೆಲಸ ಮಾಡುತ್ತಿದೆ. ಪ್ರತಿ ಕೈಯನ್ನೂ ನಡುವಿನಿಂದ ತುದಿಯವರೆಗೆ ಮಲ್ಟಿಮೀಟರಿನಲ್ಲಿ ಪರೀಕ್ಷಿಸಿ. ಹೊದಿಕೆಯೊಳಗೇ ತುಂಡಾದ ತಂತಿ ಹೊರಗಿನಿಂದ ಕಾಣುವುದಿಲ್ಲ.

ಇನ್ನು ಗೆರೆ ಚಪ್ಪಟೆಯಾಗಿದ್ದು, ಬ್ಯಾಂಡಿನ ಹೊರಗೂ ದೂರದವರೆಗೆ 2ರ ಕೆಳಗೇ ಇದ್ದರೆ ಅದನ್ನು ವರವೆಂದು ತಿಳಿಯಬೇಡಿ. 7ರ ತಂತಿ ಡೈಪೋಲಿಗೆ ಅಷ್ಟು ಅಗಲ ಬರಲಾರದು. ಎಲ್ಲೋ ಪವರ್ ಶಾಖವಾಗುತ್ತಿದೆ, ಕೇಬಲ್ ಪರೀಕ್ಷೆಗೆ ಹಿಂತಿರುಗಿ.

ಕೇಬಲ್ಲೇ ಆಂಟೆನಾ ಆದಾಗ

ರೇಡಿಯೊದ ಮೈ ಮುಟ್ಟಿದರೆ ಚುರುಕ್ ಎನ್ನುತ್ತದೆ. ಮಾತಾಡುವಾಗ ದನಿ ಒಡೆಯುತ್ತದೆ. ಪಕ್ಕದ ಕಂಪ್ಯೂಟರ್ ಸ್ತಬ್ಧವಾಗುತ್ತದೆ. ಕೇಬಲ್ಲನ್ನು ಅಂಗೈಯಲ್ಲಿ ಹಿಡಿದರೆ ಅನಲೈಸರಿನ ಗೆರೆ ಸರಿಯುತ್ತದೆ. ಒಂದು ಮೀಟರ್ ಪ್ಯಾಚ್ ಕೇಬಲ್ ಸೇರಿಸಿದರೆ ಎಸ್‌ಡಬ್ಲ್ಯುಆರ್ ಗಮನಾರ್ಹವಾಗಿ ಬದಲಾಗುತ್ತದೆ. ಇವೆಲ್ಲಕ್ಕೂ ಮೂಲ ಒಂದೇ: ಬ್ರೇಡಿನ ಹೊರಮೈ ಮೇಲೆ ಹರಿಯುವ ಕರೆಂಟು. ಅದು ಇರುವವರೆಗೆ ನೀವು ಅಳೆಯುತ್ತಿರುವುದು ಡೈಪೋಲನ್ನಷ್ಟೇ ಅಲ್ಲ, ಡೈಪೋಲ್ ಜೊತೆ ಕೇಬಲ್ಲನ್ನೂ. ಆ ಸ್ಥಿತಿಯಲ್ಲಿ ತಂತಿ ಹೊಂದಿಸಿದರೆ, ಕೇಬಲ್ ಸ್ವಲ್ಪ ಸರಿದ ದಿನ ಹೊಂದಿಕೆಯೂ ಹೋಗುತ್ತದೆ.

ಪರಿಹಾರ, ಫೀಡ್ ಪಾಯಿಂಟಿನಲ್ಲೇ, ಅಂದರೆ ಕೇಬಲ್ ಆಂಟೆನಾಕ್ಕೆ ಸೇರುವ ಜಾಗದಲ್ಲೇ, ಒಂದು ಚೋಕ್. ಎಫ್‌ಟಿ240-31 ಫೆರೈಟ್ ಉಂಗುರದ ಮೇಲೆ ಆರ್‌ಜಿ-58 ಕೇಬಲ್ಲನ್ನು 10ರಿಂದ 12 ಸುತ್ತು ಹಾಕಿದರೆ 7 ಮೆಗಾಹರ್ಟ್ಸ್‌ಗೆ ಧಾರಾಳ. ಕೆಂಪು ಬಣ್ಣದ ಟಿ200-2 ಕಬ್ಬಿಣದ ಪುಡಿಯ ಉಂಗುರ ನೋಡಲು ಇದರಂತೆಯೇ ಇದ್ದರೂ ಈ ಕೆಲಸಕ್ಕೆ ಬಾರದು, ಅದರ ಪರ್ಮಿಯಬಿಲಿಟಿ ಬರೀ 10. 145ರಲ್ಲಿ ಆಂಟೆನಾದ ಬುಡದಲ್ಲೇ 43 ಅಥವಾ 61 ಬಗೆಯ ನಾಲ್ಕೈದು ಫೆರೈಟ್ ಮಣಿಗಳನ್ನು ಕೇಬಲ್ಲಿಗೆ ಪೋಣಿಸಿ. ಚೋಕ್ ಹಾಕಿದ ಮೇಲೆ ಎಸ್‌ಡಬ್ಲ್ಯುಆರ್ ಮೊದಲಿಗಿಂತ ಹೆಚ್ಚಾಗಬಹುದು. ಗಾಬರಿ ಬೇಡ, ಆಂಟೆನಾದ ನಿಜವಾದ ಅಂಕಿ ಈಗ ಕಾಣುತ್ತಿದೆ.

ಬಂದು ಹೋಗುವ ದೋಷಗಳು

ಗಾಳಿ ಬಂದಾಗ ಮುಳ್ಳು ಕುಣಿದರೆ ಸಡಿಲ ಬೆಸುಗೆ ಅಥವಾ ಎಳೆ ಕಡಿದ ತಂತಿ. ಸಾಮಾನ್ಯವಾಗಿ ಅದು ನಡುವಿನ ಇನ್ಸುಲೇಟರಿನ ಪಕ್ಕದಲ್ಲಿ, ಬೆಸುಗೆ ಮುಗಿದು ತಂತಿ ಬಾಗಲು ಶುರುವಾಗುವ ಜಾಗದಲ್ಲಿರುತ್ತದೆ. ತವರ ಹೀರಿದ ತಂತಿ ಗಡುಸಾಗಿ ಅಲ್ಲೇ ಮುರಿಯುತ್ತದೆ. ಎಳೆತದ ಭಾರ ಬೆಸುಗೆಯ ಮೇಲೆ ಬೀಳದಂತೆ, ತಂತಿಯನ್ನು ಇನ್ಸುಲೇಟರಿನ ತೂತಿಗೆ ಕಟ್ಟಿ ಆಮೇಲೆ ಬೆಸೆಯಬೇಕು.

ಮಳೆಯಲ್ಲಿ ಅನುರಣನ ತುಸು ಕೆಳಕ್ಕೆ ಜಾರುವುದು ಸಹಜ. ಎಸ್‌ಡಬ್ಲ್ಯುಆರ್ ಒಮ್ಮೆಲೇ ಜಿಗಿದು, ಬಿಸಿಲು ಬಂದ ಮೇಲೆ ಸರಿಯಾದರೆ ಜೋಡಣೆಯೊಳಗೆ ನೀರಿದೆ. ಕ್ಯಾರಿಯರ್ ಬಿಟ್ಟ ಹತ್ತು ಹದಿನೈದು ಸೆಕೆಂಡಿನಲ್ಲಿ ಎಸ್‌ಡಬ್ಲ್ಯುಆರ್ ಏರುತ್ತಾ ಹೋದರೆ ಬಾಲನ್ನಿನ (ಫೀಡ್ ಪಾಯಿಂಟಿನಲ್ಲಿ ಹಾಕಿದ ಚೋಕಿನ) ಉಂಗುರ ಕಾಯುತ್ತಿದೆ. ಟ್ರಾನ್ಸ್‌ಮಿಟರ್ ಆಫ್ ಮಾಡಿ, ಆಮೇಲೆ ಮುಟ್ಟಿ ನೋಡಿ.

ಮೀಟರು ಸರಿ, ಯಾರಿಗೂ ಕೇಳಿಸದು

ಡಮ್ಮಿ ಲೋಡಿನ ಎಸ್‌ಡಬ್ಲ್ಯುಆರ್ 1.0, ಅದರಿಂದ ಯಾರೊಂದಿಗೂ ಮಾತಾಡಲಾಗದು. ನಷ್ಟದ ಕೇಬಲ್ ಅಲ್ಲವೆಂದು ಖಚಿತವಾದರೆ 145ರಲ್ಲಿ ಪೋಲರೈಸೇಶನ್ ನೋಡಿ. ಎದುರಿನವರದು ನಿಂತ ಆಂಟೆನಾ, ನಿಮ್ಮದು ಮಲಗಿದ್ದು ಎಂದರೆ 20 ಡೆಸಿಬೆಲ್‌ವರೆಗೂ ಹೋಗಬಹುದು. ಕೇಳಿಸುವುದರಲ್ಲಿ ಬರೀ ಗದ್ದಲವಿದ್ದರೆ ರೇಡಿಯೊವನ್ನು ಬ್ಯಾಟರಿಗೆ ಹಾಕಿ ಮನೆಯ ಮೇನ್ ಸ್ವಿಚ್ ಆಫ್ ಮಾಡಿ. ಗದ್ದಲ ನಿಂತರೆ ಮೂಲ ಮನೆಯೊಳಗಿನ ಅಡಾಪ್ಟರೋ ದೀಪವೋ. ತಾಮ್ರವನ್ನು ಅಲ್ಯುಮಿನಿಯಂ ಅಥವಾ ಸತುವಿನ ಲೇಪದ ಕಬ್ಬಿಣಕ್ಕೆ ನೇರ ಬಿಗಿದಿದ್ದರೆ ಆ ಸಂದು ಸವೆದು ಡಯೋಡಿನಂತೆ ವರ್ತಿಸಿ ಗದ್ದಲ ಹುಟ್ಟಿಸಬಲ್ಲದು. ನಡುವೆ ಸ್ಟೇನ್‌ಲೆಸ್ ವಾಷರ್ ಹಾಕಿ.

ಮತ್ತೆ ಮೇಲೇರಿಸುವಾಗ

ಪಿಎಲ್-259 ತಾನಾಗಿ ನೀರು ತಡೆಯುವುದಿಲ್ಲ. ತನ್ನೊಳಗೇ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಹಿಗ್ಗಿಸುತ್ತಾ ಕೆಳಗಿನಿಂದ ಮೇಲಕ್ಕೆ ಸುತ್ತಿ. ಆಗ ಮೇಲಿನ ಸುತ್ತು ಕೆಳಗಿನದರ ಮೇಲೆ ಹೆಂಚಿನ ಹಾಗೆ ಕೂತು ನೀರು ಹೊರಗೇ ಜಾರುತ್ತದೆ. ಅದರ ಮೇಲೆ ಬಿಸಿಲು ತಡೆಯುವ ಕಪ್ಪು ಟೇಪು. ಸಿಲಿಕೋನ್ ಹಚ್ಚುವುದಾದರೆ ವಿನೆಗರ್ ವಾಸನೆಯದು ಬೇಡ, ಅದರಿಂದ ಹೊರಬರುವ ಆಮ್ಲ ತಾಮ್ರವನ್ನು ತಿನ್ನುತ್ತದೆ. ನ್ಯೂಟ್ರಲ್ ಕ್ಯೂರ್ ಎಂದು ಬರೆದದ್ದು ತನ್ನಿ. ಕೇಬಲ್ ಮನೆಯೊಳಗೆ ಬರುವ ಮುಂಚೆ ಒಂದು ಬಾಗು ಕೆಳಕ್ಕೆ ಜೋತಿರಲಿ, ಹನಿ ಅಲ್ಲೇ ಉದುರಲಿ.

ಎಲ್ಲ ಕಟ್ಟಿದ ಮೇಲೆ ಬ್ಯಾಂಡಿನ ಎರಡು ಅಂಚು ಮತ್ತು ನಡುವಿನ ಎಸ್‌ಡಬ್ಲ್ಯುಆರ್, ಕೇಬಲ್ಲಿನ ಖಾಲಿ ತುದಿಯ ಅಂಕಿ, ಕೈಗಳ ಉದ್ದ ಇವನ್ನು ಒಂದು ಚೀಟಿಯಲ್ಲಿ ದಿನಾಂಕದೊಂದಿಗೆ ಬರೆದು ಮೀಟರಿನ ಬೆನ್ನಿಗೆ ಅಂಟಿಸಿ. ಮುಂದಿನ ಸಲ ಅಂಕಿ ಬದಲಾದಾಗ ಯಾವುದು ಬದಲಾಯಿತು ಎಂದು ಆ ಚೀಟಿಯೇ ಹೇಳುತ್ತದೆ.